ಬೆಚ್ಚಗಿನ ನೀರು

ಚೆಂಬಿನಿಂದ ಬಿದ್ದ ನೀರು ಬೆಚ್ಚಗಿತ್ತು. ಉಳಿದದ್ದರ ಬಗ್ಗೆ ನನಗೇ ಅನುಮಾನ ಬರುವುದುಂಟು. ಇದರ ಬಗ್ಗೆ ಇಲ್ಲ. ಮದ್ರಾಸಿನಲ್ಲಿ ಬಿ.ಎ. ಓದುವಾಗ ಇಂಥದ್ದನ್ನು ಹೇಳುವವರನ್ನು ಕಂಡು ಒಳಗೊಳಗೇ ನಕ್ಕವಳು ನಾನು. ಈಗ ನೀವು ನಕ್ಕರೆ ತಪ್ಪು ತಿಳಿಯಲಾರೆ.

ಯುದ್ಧದಿಂದಾಗಿ ಚಳಿಜ್ವರದ ಮದ್ದು ಕ್ವಿನೈನ್ ಬರುವುದು ನಿಂತಿದ್ದ ವರ್ಷ. ಅಮ್ಮತ್ತಿ ಬಳಿಯ ಕಾಫಿ ತೋಟದ ಆಸ್ಪತ್ರೆಯೊಂದರಲ್ಲಿ ನರ್ಸುಗಳೆಂದರೆ ನಾನು ಮತ್ತು ಹಿರಿಯರಾದ ಪೊನ್ನಮ್ಮಕ್ಕ, ಇಬ್ಬರೇ. ಅವರದೊಂದು ಪದ್ಧತಿಯಿತ್ತು. ಹೆಣ ತೊಳೆದ ಕೈಗೆ ತಾನೇ ನೀರು ಹಾಕಿಕೊಳ್ಳಬಾರದು, ಜೊತೆಯವಳು ಹಾಕಬೇಕು. ಮೊದಲ ಸಲ ನಾನೊಬ್ಬಳೇ ಅಳುತ್ತ ನೀರಿನ ತೊಟ್ಟಿಯತ್ತ ಹೋದಾಗ ಚೆಂಬು ಕಸಿದುಕೊಂಡು, "ಬಿ.ಎ. ಓದಿದವರು ಒಬ್ಬರೇ ಅಳಬೇಕೂಂತ ಉಂಟಾ ಮಾರಾಯ್ತಿ? ಹಿಡಿ ಕೈ," ಎಂದಿದ್ದರು. ನೀರು ಹಾಕುತ್ತ ಪ್ರತಿ ಸಲವೂ ಕೇಳುತ್ತಿದ್ದದ್ದು ಒಂದೇ ಮಾತು: "ಉಂಡಿಯಾ ತಂಗಿ?"

ಕೂಲಿಗಳ ಸಾಲುಮನೆಗಳಾದ ಲೈನಿನಲ್ಲಿ ಚಳಿಜ್ವರ ಹರಡಿ ದಿನವೂ ಸಾವು. ಕೊನೆಗೆ ಪೊನ್ನಮ್ಮಕ್ಕನೇ ಮಲಗಿದರು. ಎರಡು ದಿನ ಪ್ರಜ್ಞೆಯಿರಲಿಲ್ಲ. ಆ ಸಂಜೆ ಒಂದು ಹೆಣ್ಣುಮಗು ನನ್ನ ಬೆರಳು ಹಿಡಿದುಕೊಂಡೇ ಸತ್ತಿತು. ತೊಳೆದು, ಬಟ್ಟೆ ಸುತ್ತಿ, ತಾಯಿಯ ಕೈಗೆ ಕೊಟ್ಟೆ. ಇನ್ನು ನನ್ನಿಂದಾಗದು, ಬೆಳಗಿನ ಮೈಸೂರು ಬಸ್ಸಿಗೆ ಹೊರಟುಬಿಡುವುದೇ ಸರಿ ಎಂದುಕೊಂಡೆ. ಪೊನ್ನಮ್ಮಕ್ಕನನ್ನೂ ಬಿಟ್ಟು.

ತೊಟ್ಟಿಯ ಬಳಿ ಕುಕ್ಕರಿಸಿದೆ. ಚೆಂಬು ಎತ್ತುವ ತ್ರಾಣವಿರಲಿಲ್ಲ. ಕಣ್ಣು ಮುಚ್ಚಿ ಕೈ ಚಾಚಿದೆ, ಅಭ್ಯಾಸವಿರಬೇಕು.

ನೀರು ಬಿತ್ತು. ಮಣಿಕಟ್ಟಿನಿಂದ ಬೆರಳಿನವರೆಗೆ, ನಿಧಾನವಾಗಿ, ಅವರು ಹಾಕುವ ಹಾಗೆಯೇ.

"ಉಂಡಿಯಾ ತಂಗಿ?"

"ಇಲ್ಲಕ್ಕ," ಎಂದೆ.

ಕಣ್ಣು ಬಿಟ್ಟರೆ ಯಾರೂ ಇಲ್ಲ. ಚೆಂಬು ಕಲ್ಲಿನ ಮೇಲೆ ಬೋರಲಾಗಿತ್ತು. ನೀರೊಲೆಗೆ ಆ ದಿನ ಬೆಂಕಿಯನ್ನೇ ಹಾಕಿರಲಿಲ್ಲ. ಒಳಗೆ ಓಡಿದೆ. ಪೊನ್ನಮ್ಮಕ್ಕ ನಾನು ಹೊದಿಸಿದ್ದ ಕಂಬಳಿಯೊಳಗೆ ಹಾಗೆಯೇ ಮಲಗಿದ್ದರು. ಎದ್ದು ಬಂದಿದ್ದರೇನೋ ಎಂದು ಕಾಲು ಮುಟ್ಟಿ ನೋಡಿದೆ, ಒದ್ದೆಯಿರಲಿಲ್ಲ. ಆಯಾ ಚೋಮಿ ಅಮ್ಮತ್ತಿಗೆ ಹೋದವಳು ಮರಳಿರಲಿಲ್ಲ. ದಣಿವಿನಿಂದ ಹುಟ್ಟಿದ ಭ್ರಮೆ ಎಂದು ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಕೈ ಒದ್ದೆಯಾಗಿತ್ತು.

ಬೆಳಕು ಹರಿಯುವ ಮೊದಲೇ ಪೊನ್ನಮ್ಮಕ್ಕ ಹೋದರು. ನಾನೂ ರಾತ್ರಿ ಮರಳಿದ್ದ ಚೋಮಿಯೂ ಸೇರಿ ಅವರನ್ನು ತೊಳೆದೆವು. ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆದು ಮುಂದೆ ಹೋಯಿತು. ತೊಟ್ಟಿಯ ಬಳಿ ಚೋಮಿಯ ಮುಂದೆ ಕೈ ಚಾಚಿದೆ. ಎಷ್ಟೋ ಹೆಣಗಳನ್ನು ನಮ್ಮೊಡನೆ ಎತ್ತಿದ್ದವಳು. ಲೈನಿನವಳೆಂದು ನಾವು ಈ ಪದ್ಧತಿಗೆ ಅವಳನ್ನು ಸೇರಿಸಿಕೊಂಡಿರಲಿಲ್ಲ.

"ನಾನು ಹಾಕಿದ್ರೆ ಆಗ್ತದಾ ಅಮ್ಮಾ?"

"ಹಾಕು."

ನೀರು ಕೊರೆಯುತ್ತಿತ್ತು. ಆಮೇಲೆ ಚೆಂಬು ತೆಗೆದುಕೊಂಡು ಅವಳ ಕೈಗೆ ನೀರು ಹಾಕಿದೆ. "ಉಂಡಿಯಾ ಚೋಮಿ?" ಎಂದು ಕೇಳಿದೆ.