ಮೊಸರಿನ ಕರವಸ್ತ್ರ

ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಮೇಜಿನ ಮುಂದೆ ನಿಂತಿದ್ದೆವು. ಇಟಲಿಯ ಹೊಲ, ಕುರಿಹಟ್ಟಿಗಳನ್ನು ಸುತ್ತಿ ಬಂದಿದ್ದೇವೆಂದು ನಾವೇ ಹೇಳಿದ್ದರಿಂದ ಅಧಿಕಾರಿಣಿ ರೋಗಾಣು ತೊಳೆಯಲೆಂದು ಎಲ್ಲರ ಬೂಟು ಬಿಚ್ಚಿಸುತ್ತಿದ್ದಳು. ನನ್ನ ಕಣ್ಣೆಲ್ಲ ಪಕ್ಕದಲ್ಲಿದ್ದ ರುಖ್ಸಾನಾಳ ಕೈಚೀಲದ ಮೇಲಿತ್ತು.

ಧಾರವಾಡದ ರುಖ್ಸಾನಾ ಈಗ ಇಲ್ಲೇ ಹತ್ತಿರದ ಗಿಲ್‌ರಾಯ್ ಊರಿನಲ್ಲಿ ಕುರಿ ಸಾಕುತ್ತಾಳೆ. ಇಟಲಿಯಲ್ಲಿ ನಾವು ಉಳಿದುಕೊಂಡಿದ್ದ ಹಟ್ಟಿಯ ಅಜ್ಜಿ ಕುರಿಹಾಲಿನ ಮೊಸರಿನ ಹೆಪ್ಪನ್ನು ತನ್ನ ತಾಯಿಯ ಕಾಲದಿಂದ ಕಾಪಾಡಿಕೊಂಡು ಬಂದಿದ್ದಳು. ಹೊರಡುವ ಮುನ್ನ ರುಖ್ಸಾನಾ ಆ ಮೊಸರಿನಲ್ಲಿ ಕರವಸ್ತ್ರ ಅದ್ದಿ, ಒಣಗಿಸಿ, ಮಡಚಿಟ್ಟುಕೊಂಡಿದ್ದಳು. ಮನೆಗೆ ಹೋಗಿ ಬೆಚ್ಚಗಿನ ಹಾಲಿಗೆ ಹಾಕಿದರೆ ಸಾಕು, ಅದೇ ಮೊಸರು.

“ಸುಮ್ನೆ ಕರ್ಚೀಫು ಅಂತ ಹೇಳ್ಬಿಡು,” ಎಂದೆ ಮೆಲ್ಲಗೆ.

“ಸುಳ್ಳ ಹೇಳಿ ತಂದ್ರ ಹಾಲು ಹೆಪ್ಪಾಗಂಗಿಲ್ಲಕ್ಕಾ.”

ನನಗೆ ಮೈಯೆಲ್ಲ ಉರಿಯಿತು.

ಗ್ಲೌಸು ತೊಟ್ಟ ಕೈ ಹಪ್ಪಳದಂತೆ ಬಿರುಸಾಗಿದ್ದ ಬಟ್ಟೆಯನ್ನು ಎತ್ತಿ ಹಿಡಿಯಿತು. ಇದೇನೆಂದು ಅಧಿಕಾರಿಣಿ ಕೇಳಿದಳು. ರುಖ್ಸಾನಾ ಅಜ್ಜಿಯಿಂದ ಹಿಡಿದು ಹಾಲಿನವರೆಗೆ ಎಲ್ಲವನ್ನೂ ಹೇಳಿದಳು. ಕಸದ ಡಬ್ಬಿ ಅಧಿಕಾರಿಣಿಯ ಕಾಲಬಳಿಯೇ ಇತ್ತು. ಆದರೆ ಅವಳು ಅದರ ಕಡೆ ನೋಡಲಿಲ್ಲ. ನಮ್ಮ ಬೂಟುಗಳ ಜೊತೆ ಬಟ್ಟೆಯನ್ನೂ ತೆಗೆದುಕೊಂಡು ಒಳಗೆ ಹೋದಳು.

ಮರಳಿ ಬಂದಾಗ ಬೂಟುಗಳು ಕ್ರಿಮಿ ಕೊಲ್ಲುವ ಔಷಧಿಯ ವಾಸನೆ ಹೊಡೆಯುತ್ತಿದ್ದವು. ಕರವಸ್ತ್ರವನ್ನು ಹಿಂಡಿ, ಅಂದವಾಗಿ ಮಡಚಿ ತಂದಿದ್ದಳು.

“ಎಸೆಯೋಕೆ ಮನಸ್ಸು ಬರಲಿಲ್ಲ. ಅದೇ ಔಷಧಿಯಲ್ಲಿ ತೊಳೆದಿದ್ದೇನೆ, ಈಗ ಒಯ್ಯಬಹುದು,” ಎಂದು ನಕ್ಕಳು.

ರುಖ್ಸಾನಾ ಎರಡೂ ಕೈ ಚಾಚಿ ಇಸಿದುಕೊಂಡು, “ಥ್ಯಾಂಕ್ಯೂ,” ಎಂದಳು. ಅವಳ ಮುಖ ನೋಡಲಾಗದೆ ನಾನು ಬೂಟಿನ ಲಾಡಿ ಕಟ್ಟತೊಡಗಿದೆ.