ಪರದೆಯ ಆಚೆಯ ಜೆರುಸಲೇಮ್

ಅರಿವಳಿಕೆ ಇಳಿಯುವಾಗ ರೋಗಿಗಳು ಆಡುವ ಮಾತಿಗೆ ನಾನು ಎಂದೂ ಬೆಲೆ ಕೊಟ್ಟವಳಲ್ಲ. ಅರಿವಳಿಕೆ ಕೊಡುವುದೇ ನನ್ನ ವೃತ್ತಿ. ಹಾಡು, ಬೈಗುಳ, ಅಳು ಎಲ್ಲವನ್ನೂ ಕೇಳಿದ್ದೇನೆ. ಹೀಗಾಗಿ ಇದನ್ನು ಹೇಳಲು ನನಗೇ ಮುಜುಗರ.

ಕೆಲವು ವರ್ಷಗಳ ಹಿಂದೆ, ಪೂರ್ವ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ನಡೆದದ್ದು. ಮಧ್ಯಾಹ್ನದ ಹೊತ್ತು. ಹರ್ನಿಯಾ ಆಪರೇಷನ್ ಆಗಿದ್ದ ವಯಸ್ಸಾದ ಬಸ್ ಡ್ರೈವರ್ ಒಬ್ಬರನ್ನು ರಿಕವರಿ ರೂಮಿಗೆ ತಂದಿದ್ದೆವು. ಕಣ್ಣು ಮುಚ್ಚಿಕೊಂಡೇ ಅವರು ಸ್ಪಷ್ಟವಾಗಿ ಹೇಳಿದರು: "ಗೋಡೆ ಹತ್ತಿದ್ದಾಯಿತು. ಜೆರುಸಲೇಮ್ ನಮ್ಮದು. ಬಾಗಿಲು ಒಡೆಯಿರಿ."

ನರ್ಸ್ ನಕ್ಕಳು. ನಾನೂ ನಗುವವಳಿದ್ದೆ. ಅಷ್ಟರಲ್ಲಿ ಪರದೆಯ ಆಚೆಯ ಹಾಸಿಗೆಯಿಂದ ಉತ್ತರ ಬಂತು. "ಒಡೆಯಬೇಡಿ. ಮಕ್ಕಳೆಲ್ಲ ಒಳಗಿದ್ದಾರೆ."

ಅಲ್ಲಿ ಮಲಗಿದ್ದವರು ಹತ್ತಿರದ ಇಲ್ಫರ್ಡ್ ಬಡಾವಣೆಯ ಒಬ್ಬ ಯೆಹೂದಿ ಅಜ್ಜಿ. ಬೇರೆ ಆಪರೇಷನ್ ಥಿಯೇಟರಿನಿಂದ ಆಗಷ್ಟೇ ಬಂದಿದ್ದರು, ಇನ್ನೂ ಎಚ್ಚರವಾಗಿರಲಿಲ್ಲ. ಈಚೆಯ ಡ್ರೈವರ್ "ಬೆಂಕಿ ತನ್ನಿ" ಎಂದದ್ದೇ ತಡ, ಅಜ್ಜಿಯ ನಾಡಿ, ಬಿಪಿ ಎರಡೂ ಏರಿದವು. ನೋವಿರಬೇಕೆಂದು ಔಷಧಿ ಕೊಟ್ಟೆ, ಇಳಿಯಲಿಲ್ಲ. ಕೈಮೀರುವ ಹಾಗಿತ್ತು. ಅವರ ಹಾಸಿಗೆಯನ್ನು ರೂಮಿನ ಆ ತುದಿಗೆ ತಳ್ಳಿಸಿದ ಮೇಲೆಯೇ ಎರಡೂ ಹದಕ್ಕೆ ಬಂದದ್ದು.

ನನಗೆ ಮೊದಲು ನರ್ಸ್ ಮೇಲೆಯೇ ಗುಮಾನಿ, ಇದೆಲ್ಲ ಅವಳ ತಮಾಷೆಯೇನೋ ಎಂದು. ಆಮೇಲೆ, ಇವರಿಬ್ಬರಿಗೂ ಹಳೆಯ ಪರಿಚಯ ಇರಬೇಕೆನ್ನಿಸಿತು. ಹೊರಗೆ ಕಾಯುತ್ತಿದ್ದ ಡ್ರೈವರ್‌ನ ಹೆಂಡತಿಯನ್ನು, ನಿಮ್ಮವರಿಗೆ ಇತಿಹಾಸದ ಹುಚ್ಚಿದೆಯೇ ಎಂದು ಕೇಳಿದೆ. "ಅವರಿಗಾ? ಫುಟ್‌ಬಾಲ್ ಬಿಟ್ಟರೆ ಏನೂ ಬೇಡ. ಚರ್ಚಿಗೂ ಬರೋದಿಲ್ಲ" ಎಂದರು.

ಸಂಜೆ ಮನೆಯಲ್ಲಿ ಹೇಳಿದಾಗ ಧಾರವಾಡದವರಾದ ನನ್ನ ಗಂಡ, "ಟಿವ್ಯಾಗ ಏನರ ನೋಡಿರ್ತಾರ ತಗೋ" ಎಂದರು. ಒಂಬೈನೂರು ವರ್ಷಗಳ ಹಿಂದೆ ಯುರೋಪಿನ ಕ್ರೈಸ್ತ ಸೈನ್ಯ ಜೆರುಸಲೇಮಿಗೆ ನುಗ್ಗಿದಾಗ, ಪ್ರಾರ್ಥನಾ ಮಂದಿರದಲ್ಲಿ ಅಡಗಿದ್ದ ಯೆಹೂದಿಗಳನ್ನು ಸುಟ್ಟರೆಂದು ನಾನು ಓದಿದ್ದು ಅದಾದ ಮೇಲೆ.

ಟಿವಿಯೇ ಎಂದು ಇಟ್ಟುಕೊಳ್ಳೋಣ. ಆದರೆ ಒಂದು ಮಾತು ನನಗೆ ಇಂದಿಗೂ ಬಗೆಹರಿದಿಲ್ಲ. ಅಂದು ಪೂರ್ತಿ ಎಚ್ಚರವಾದ ಮೇಲೆ ವಾರ್ಡಿಗೆ ಹೊರಟ ಡ್ರೈವರ್ ನನ್ನನ್ನು ಕರೆದು, "ಆ ಅಮ್ಮನಿಗೆ ನನ್ನನ್ನು ಕ್ಷಮಿಸೋಕೆ ಹೇಳ್ತೀರಾ, ಡಾಕ್ಟರ್?" ಎಂದರು. ಅವರು ಆ ಅಜ್ಜಿಯನ್ನು ನೋಡಿಯೇ ಇರಲಿಲ್ಲ.

"ಯಾತಕ್ಕೆ?"

"ಗೊತ್ತಿಲ್ಲ."

ಹೋಗಿ ಹೇಳಿದೆ. ಅಜ್ಜಿಗೂ ಆಗ ಎಚ್ಚರವಾಗಿತ್ತು. "ಯಾರು? ನನಗೆ ಇಲ್ಲಿ ಯಾರ ಪರಿಚಯವೂ ಇಲ್ಲ" ಎಂದರು. ಆದರೆ ಹಾಸಿಗೆಯ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು: "ಹೋದರಾ?"

ಹೋದರು ಎಂದೆ. ಆಗ ಕೈ ಸಡಿಲಿಸಿದರು.