ಅಪ್ಪನನ್ನು ಸಾಕುವವರು ಯಾರು?

ದೋಸ್ತರೇ, ತಲೆ ಕೆಟ್ಟಿದೆ, ಅದಕ್ಕೇ ಇವತ್ತೇ ಬರೆದು ಕ್ಯಾಂಟೀನಿನ ಬೋರ್ಡಿಗೆ ಅಂಟಿಸುತ್ತಿದ್ದೇನೆ. ನಮ್ಮ ಫ್ಯಾಕ್ಟರಿ ಡಾಕ್ಟರು ಮೊದಲು ಮನೆಯವರನ್ನೆಲ್ಲ ಪುಕ್ಕಟೆ ನೋಡುತ್ತಿದ್ದರು. ಈಗ ಪಗಾರದಲ್ಲಿ ಹಣ ಹಿಡಿದು ಆಸ್ಪತ್ರೆಯ ಕಾರ್ಡು ಕೊಡುತ್ತಾರೆ. ದುಡಿಯುವ ತಂದೆಯ ಹೆಸರು ಅದರಲ್ಲಿ ಸೇರುವುದಿಲ್ಲ. ತಿಂಗಳಿಂದ ಕೆಮ್ಮುತ್ತಿರುವ ಅಪ್ಪನನ್ನು ನಮ್ಮೂರು ಅವರ್ಸಾದಿಂದ ಕಾರವಾರದ ಕಾರ್ಡಿನ ಆಫೀಸಿಗೆ ಕರೆತರುವಾಗ ದಾರಿಯುದ್ದಕ್ಕೂ ಹೇಳಿದ್ದೆ: "ಕೇಳಿದ್ರೆ ದುಡಿಯೂದಿಲ್ಲ ಹೇಳು, ಅಪ್ಪಾ."

ಗುಮಾಸ್ತರು ಕೇಳಿದರು: "ಅಜ್ಜಾ, ನಿಮ್ಮನ್ನ ಮಗನೇ ಸಾಕೂದಲ್ಲ?"

ಅಪ್ಪ ಕೆಮ್ಮು ನುಂಗಿಕೊಂಡು ಎದ್ದೇ ನಿಂತ. "ಯಾರು, ಇವನಾ? ಇವನ್ನ ಸಾಕ್ದವ ನಾ! ಇಂದು ಬೆಳಿಗ್ಗೆನೂ ಬಲೆ ಎಳ್ದೇ ಬಂದೆ." ಸಾಕ್ಷಿಗೆ ಚೀಲದಿಂದ ನಾಲ್ಕು ಬಂಗಡೆ ಮೀನು ತೆಗೆದು ಅರ್ಜಿಯ ಮೇಲೇ ಇಟ್ಟ.

ಗುಮಾಸ್ತರು ಬಂಗಡೆ ಸರಿಸಿ ಅಪ್ಪನ ಹೆಸರು ಹೊಡೆದುಹಾಕಿ, ಕಾರ್ಡು ನನ್ನ ಕೈಗೆ ಕೊಟ್ಟರು.

ಹೊರಗೆ ಬಂದವನೇ ರೇಗಿದೆ: "ಎಂತಕ್ಕೆ ಹಾಂಗೆ ಹೇಳ್ದೆ?"

"ಮಗ ಸಾಕ್ತಾ ಹೇಳಿ ಸಮುದ್ರದ ದಂಡೆ ಮೇಲೆ ಗೊತ್ತಾದ್ರೆ ನಾಳೆ ನನ್ನ ಯಾರು ದೋಣಿಗೆ ಕರಿತ್ರು?"

ಬಸ್ಸಿನಲ್ಲಿ ಕಾರ್ಡು ನನ್ನ ಕಿಸೆಯಲ್ಲಿತ್ತು, ಕೆಮ್ಮು ಅಪ್ಪನ ಎದೆಯಲ್ಲಿತ್ತು. ಟಿಕೆಟ್ಟು ಮಾತ್ರ ಇಬ್ಬರದ್ದೂ ಅಪ್ಪನೇ ತೆಗೆದ.